ಔಷಧಿ ಹಾಕಿದ ಸಕ್ಕರೆ

ಕಬ್ಬಿನ ಕೂಲಿಗಳ ಕೇರಿ ಬತೇಯ್ ಲಾ ಪಾಲ್ಮಿತಾಕ್ಕೆ ಕರೆಂಟು ಬರುವುದು ಬೆಳಕು ಹರಿಯುವ ಹೊತ್ತಿಗೆ. ಬಂದದ್ದು ಎಷ್ಟು ಹೊತ್ತು ಇರುತ್ತದೆ ಎಂದು ಯಾರೂ ಹೇಳಲಾರರು. ಅದಕ್ಕೇ ಒದಿಲಿಯಾ ಬಲ್ಬಿನ ಮೇಲೆ ಕಣ್ಣಿಟ್ಟುಕೊಂಡು ಹೊಸ್ತಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದಾಳೆ. ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಮೊಣಕೈ ದಾಟಿ ಮೇಲಕ್ಕೆ ಮಡಿಸಿದ ತೋಳು. ಎದುರಿನ ಮೇಜಿನ ಮೇಲೆ, ಮುಚ್ಚಿಹೋದ ಬೇಕರಿಯೊಂದರಿಂದ ತಂದ ಮೊಟ್ಟೆ ಕಡೆಯುವ ಹಳೇ ಯಂತ್ರ. ಅದರ ಪಕ್ಕ ಬಾವಿಯ ತಣ್ಣೀರು ತುಂಬಿದ ಬೋಗುಣಿ, ಅದರಲ್ಲಿ ಅರ್ಧ ಮುಳುಗಿದ ಸ್ಟೀಲ್ ಪಾತ್ರೆ. ಪಾತ್ರೆಯೊಳಗೆ ಕರಗಿಸಿ ಆರಲು ಬಿಟ್ಟ ಕೊಬ್ಬರಿ ಎಣ್ಣೆ ಮತ್ತು ಮೇಣ. ಅಂಚಿನಲ್ಲಿ ಗಟ್ಟಿಯಾಗತೊಡಗಿದೆ, ನಡುವೆ ಇನ್ನೂ ಮೆತ್ತಗಿದೆ. ಬೇಕಾದದ್ದು ಇದೇ ಹದ.

“ಬಿಸಿಲೇರಿದ್ರೆ ಮುಗೀತು ಕತೆ,” ಎನ್ನುತ್ತಾಳೆ. “ಎಣ್ಣೆ ನೀರಾಗುತ್ತೆ. ಆಮೇಲೆ ಸಂಜೆ ತನಕ ಕಡೆದ್ರೂ ಏಳಲ್ಲ. ಹುಟ್ಟುಹಬ್ಬದ ಕೇಕಿನ ಮೇಲೆ ಮೊಟ್ಟೆ ನೊರೆ ಹಾಕ್ತಾರಲ್ಲ, ಇದೂ ಹಂಗೇ. ತಂಪಿರೋವಾಗ್ಲೇ ಗಾಳಿ ತುಂಬ್ಕೋಬೇಕು.”

ಬಲ್ಬು ಹೊತ್ತಿಕೊಳ್ಳುತ್ತದೆ. ಯಂತ್ರ ಒಂದು ಸಲ ಕೆಮ್ಮಿ, ತಿರುಗತೊಡಗುತ್ತದೆ. ಹಳದಿ ಮುದ್ದೆ ನೋಡನೋಡುತ್ತ ಬಿಳಿಯಾಗಿ, ಉಬ್ಬಿ, ಪಾತ್ರೆಯ ಗೋಡೆ ಹತ್ತುತ್ತದೆ. ಮುಚ್ಚಳದ ಬಕೆಟ್ಟಿನಲ್ಲಿ ವಾರಗಟ್ಟಲೆ ಸುಮ್ಮನೆ ಕೂತು ಹಣ್ಣಾದ ಸಾಬೂನಿನ ಹಿಟ್ಟನ್ನು ಆಕೆ ಸೌಟಿನಲ್ಲಿ ತೆಗೆದು ತೆಗೆದು ಸೇರಿಸುತ್ತಾಳೆ. ಯಂತ್ರ ನಿಲ್ಲಿಸಿ ಮುಂಗೈಯನ್ನು ಪಾತ್ರೆಯ ಹೊರಮೈಗೆ ಒತ್ತುತ್ತಾಳೆ. ಬೆಚ್ಚಗೂ ಇಲ್ಲ. ಆಗ ಕಪಾಟಿನಿಂದ ಕಂದು ಬಣ್ಣದ ಸಣ್ಣ ಸೀಸೆ ಹೊರಗೆ ಬರುತ್ತದೆ. ಕೆಡದಂತೆ ಕಾಯುವ ದ್ರವ ಅದು. ಆಕೆಯ ಬಾಯಲ್ಲಿ ಬರೀ ‘ಔಷಧಿ’. ಅಳತೆಯ ಲೋಟಕ್ಕೆ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ನೋಡಿ, ಪಾತ್ರೆಗೆ ಸುರಿದು, ಖಾಲಿ ಲೋಟವನ್ನು ಇನ್ನೊಂದು ಸಲ ನೋಡುತ್ತಾಳೆ. ಹಾಕಿದ್ದು ನಿಜ ಎಂದು ತನಗೆ ತಾನೇ ಸಾಕ್ಷಿ ಹೇಳಿಕೊಂಡ ಹಾಗೆ.

ಸಕ್ಕರೆಯ ಸರದಿ ಕೊನೆಗೆ. ಮೊದಲೇ ಹಾಕಿದರೆ ಕರಗಿ ಪಾಕವಾಗುತ್ತದೆ. ಸಕ್ಕರೆ ಬರುವುದು ಬಾಗಿಲಲ್ಲಿ ಕೂತ ಗಂಡ ಲುಕ್ನೆರನ ಕೈಯಿಂದ. ಮಡಿಲಲ್ಲಿ ಜರಡಿ ಇಟ್ಟುಕೊಂಡು ಆತ ನಿಧಾನಕ್ಕೆ ಆಡಿಸುತ್ತಿದ್ದಾನೆ. ದಪ್ಪ ಹರಳೆಲ್ಲ ಮೇಲೆ ಉಳಿದು, ಮೈದಾದಷ್ಟು ನುಣ್ಣಗಿನದು ಮಾತ್ರ ಕೆಳಗಿನ ತಟ್ಟೆಗೆ ಬೀಳುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಕಬ್ಬು ಕಡಿದ ತೋಳುಗಳು. ಜರಡಿ ಆ ಕೈಗಳಲ್ಲಿ ಆಟಿಕೆಯ ಹಾಗೆ ಕಾಣುತ್ತದೆ. ಆತನ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಪ್ಯಾಂಟಿನ ತುದಿಯನ್ನು ಗಂಟು ಹಾಕಿ ಮೇಲಕ್ಕೆ ಸಿಕ್ಕಿಸಿದ್ದಾನೆ.

ಸೂರ್ಯ ತಗಡಿನ ಛಾವಣಿ ಮುಟ್ಟುವಷ್ಟರಲ್ಲಿ ಮೇಜಿನ ತುಂಬ ಡಬ್ಬಿಗಳು. ಕೆಲವುಗಳಲ್ಲಿ ಬರೀ ನೊರೆಸಾಬೂನು, ಕೈ ಮುಖಕ್ಕೆ. ಉಳಿದವುಗಳಲ್ಲಿ ಸಕ್ಕರೆ ಬೆರೆತದ್ದು, ಹಿಮ್ಮಡಿ ಮೊಣಕೈ ಉಜ್ಜಲು. ಒಂದು ಡಬ್ಬಿಯನ್ನು ಆಕೆ ಏಣಿ ಹತ್ತಿ ಛಾವಣಿಯ ಮೇಲಿಡುತ್ತಾಳೆ. ಮಧ್ಯಾಹ್ನದವರೆಗೆ ಅದು ಅಲ್ಲಿ ಸುಡುತ್ತ ಕೂರಬೇಕು. ಇಳಿಸಿ ಮುಚ್ಚಳ ತೆಗೆದಾಗ ನೊರೆ ಕುಸಿದಿರಬಾರದು, ಎಣ್ಣೆ ಬಿಟ್ಟಿರಬಾರದು, ಸಕ್ಕರೆ ತಳ ಸೇರಿರಬಾರದು. ಹಾಗಾಗಿದ್ದರೆ ಇಡೀ ಬೆಳಗಿನ ಕೆಲಸ ತಿರುಗಿ ಪಾತ್ರೆಗೆ.

*

ಒದಿಲಿಯಾ ಹುಟ್ಟಿದ್ದು ಇದೇ ಕೇರಿಯಲ್ಲಿ, ಹಿಂದಿನ ಸಾಲಿನ ಕೂಲಿಮನೆಯಲ್ಲಿ. ನಾಲ್ಕೂ ದಿಕ್ಕಿಗೆ ಕಬ್ಬು, ಕಬ್ಬಿನ ನಡುವೆ ಕೆಂಪು ಮಣ್ಣಿನ ದಾರಿ, ದಾರಿಯ ಕೊನೆಗೆ ತೂಕದ ಕಟ್ಟೆ. ಅಪ್ಪ ಗಡಿಯಾಚೆಯ ಹೈಟಿಯಿಂದ ಸುಗ್ಗಿಗೆಂದು ಬಂದವನು ತಿರುಗಿ ಹೋಗಲೇ ಇಲ್ಲ. ಅದೇ ದಾರಿಯಲ್ಲಿ ಬಹಳ ವರ್ಷಗಳ ಮೇಲೆ ಬಂದವನು ಲುಕ್ನೆರ್. ಬಂದಾಗ ಮೀಸೆ ಮೂಡುತ್ತಿತ್ತು, ಈಗ ತಲೆಯೆಲ್ಲ ಬೆಳ್ಳಗಾಗಿದೆ. ಕಾಗದಪತ್ರ ಮಾತ್ರ ಇವತ್ತಿಗೂ ಆಗಿಲ್ಲ.

ಡಬ್ಬಿಯ ಕೆಲಸ ಶುರುವಾದದ್ದು ಮಗಳು ಯಾನೀರಿಸಳಿಂದ. ಆಕೆ ಕಡಲ ತೀರದ ಹೋಟೆಲೊಂದರಲ್ಲಿ ಕೋಣೆ ಗುಡಿಸುತ್ತಾಳೆ. ಒಂದು ಭಾನುವಾರ ಗಿರಾಕಿಗಳು ಬಿಟ್ಟುಹೋದ ಅರೆಖಾಲಿ ಡಬ್ಬಿಯನ್ನು ಮನೆಗೆ ತಂದಳು. ಒದಿಲಿಯಾ ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿ ನೋಡಿ, ಥೂ ಎಂದು ಉಗುಳಿದಳು.

“ಸೋಪು! ಒಳಗೆ ಸಕ್ಕರೆ ಯಾಕಿದೆ ಇದ್ರಲ್ಲಿ?”

“ಕಾಲಿಗೆ ಹಚ್ಚಿ ಉಜ್ಕೋತಾರೆ ಅಮ್ಮ. ಮೈ ನುಣ್ಣಗಾಗುತ್ತಂತೆ.”

“ಉಜ್ಕೊಂಡು?”

“ತೊಳ್ಕೊಂಡ್ಬಿಡ್ತಾರೆ.”

“ಸಕ್ಕರೇನ ಚರಂಡಿಗೆ ಬಿಡ್ತಾರಾ?”

ಆಗಷ್ಟೇ ಗದ್ದೆಯಿಂದ ಬಂದು ಬೂಟು ಕಳಚುತ್ತಿದ್ದ ಲುಕ್ನೆರ್ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. “ನಾನು ಕಡಿದ ಕಬ್ಬು ಕಡೇಗೆ ಎಲ್ಲೋಗಿ ಸೇರುತ್ತೆ ಅಂತ ಇವತ್ತು ತಿಳೀತು ಕಣೇ!”

ಅವತ್ತು ರಾತ್ರಿಯೇ ಆಕೆ ಗಂಡನ ಹಿಮ್ಮಡಿಗೆ ಆ ಡಬ್ಬಿಯ ತಳ ಕೆರೆದು ಹಚ್ಚಿ ಉಜ್ಜಿದಳು. ಮಸಿ, ಮಣ್ಣು, ವರ್ಷಗಳಿಂದ ಕೂತ ಕಪ್ಪು ಪದರ ಪದರವಾಗಿ ಬಿಟ್ಟುಬಂತು. ಅದರ ಕೆಳಗೆ ಮಗುವಿನಂಥ ಚರ್ಮ. “ಇದ್ನ ನಾನೇ ಮಾಡ್ಬೇಕು ಅನ್ನಿಸ್ತು,” ಎನ್ನುತ್ತಾಳೆ. “ಮಾರೋಕಲ್ಲ. ಮೊದ್ಲು ಇವನ ಕಾಲಿಗೇ.”

ಕಲಿಯಲು ಹಿಡಿದದ್ದು ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗಿನ ಕಾಲ. ಮೊದಲ ಸಲದ್ದರಲ್ಲಿ ಎಣ್ಣೆ ಮೇಲೆ ತೇಲಿ, ಸಕ್ಕರೆ ಮರಳಿನ ಹಾಗೆ ತಳ ಸೇರಿತು. ಸಾಬೂನಿಗೆ ಹಾಕುವ ಕಾಸ್ಟಿಕ್ ಸೋಡಾ ಸಿಡಿದು ಬಲಗೈಯ ಮೇಲೆ ಆದ ಸುಟ್ಟ ಕಲೆ ಈಗಲೂ ಹೊಳೆಯುತ್ತದೆ. ಒಂದು ಮಳೆಗಾಲದಲ್ಲಂತೂ ಕಪಾಟಿನಲ್ಲಿಟ್ಟ ಡಬ್ಬಿಯ ಮುಚ್ಚಳ ಠಪ್ಪೆಂದು ಹಾರಿ, ಹುಳಿ ವಾಸನೆ ಪಕ್ಕದ ಮನೆಗೂ ಹೋಯಿತು. ಪಕ್ಕದ ಮನೆಯ ರೊಸ್ಮೆನ್ ಯಾನೀರಿಸಳಿಗೆ ಜ್ಞಾನಸ್ನಾನದ ದೇವರತಾಯಿ. ಆ ಸಲುಗೆಯಲ್ಲಿ ಆಕೆಯೂ ಒದಿಲಿಯಾಳೂ ಒಬ್ಬರನ್ನೊಬ್ಬರು ಕರೆಯುವುದು ‘ಕೊಮಾಯ್’ ಎಂದು.

“ಕೊಮಾಯ್, ಕದ್ದುಮುಚ್ಚಿ ರಮ್ಮು ಇಳಿಸ್ತಿದ್ದೀಯಾ? ನನ್ನೊಬ್ಳನ್ನ ಬಿಟ್ಟು ಕುಡೀತೀರಾ?” ಎಂದು ಗೋಡೆಯಾಚೆಯಿಂದ ಕೂಗಿದಳಂತೆ ರೊಸ್ಮೆನ್.

ಯಾಕೆ ಹುಳಿಯಿತು ಎಂದು ಬಿಡಿಸಿ ಹೇಳಿದವನು ಸಾನ್ ಪೆದ್ರೊ ಪೇಟೆಯಲ್ಲಿ ಮೇಣದಬತ್ತಿ ಸಾಮಾನು ಮಾರುವ ಮುದುಕ. ನೊರೆ ಗಟ್ಟಿ ನಿಲ್ಲಲು ಮೇಣದಬತ್ತಿಗೆ ಹಾಕುವ ಬಿಳಿ ಚಕ್ಕೆ ಕೊಟ್ಟವನೂ ಅವನೇ. “ಬಚ್ಚಲಲ್ಲಿ ಇಡೋ ಸಾಮಾನಮ್ಮ ಇದು. ಒದ್ದೆ ಬೆರಳು ಹಾಕದೇ ಇರೋರು ಯಾರು? ನೀರು ಬಿದ್ದ ಕಡೆ ಜೀವ ಹುಟ್ಟುತ್ತೆ. ಔಷಧಿ ಹಾಕದೆ ಯಾರಿಗೂ ಕೊಡ್ಬೇಡ,” ಎಂದು ಹೇಳಿ ಕಂದು ಸೀಸೆಯನ್ನು ಮುಂದಿಟ್ಟ.

ಆಮೇಲಿನ ಡಬ್ಬಿಗಳು ಕೆಡಲಿಲ್ಲ. ಕೇರಿಯ ಹೆಂಗಸರು ಹುಡುಗಿಯರ ಹದಿನೈದರ ಹುಟ್ಟುಹಬ್ಬಕ್ಕೆ, ಮದುವೆಗೆ ಕೊಂಡರು. ಕಡಲ ದಂಡೆಯಲ್ಲಿ ಪ್ರವಾಸಿಗರಿಗೆ ಜಡೆ ಹೆಣೆಯುವವರ ಪಕ್ಕ ಕೊಡೆ ಬಿಡಿಸಿ ಕೂತರೆ ಸಂಜೆಗೆ ಬುಟ್ಟಿ ಹಗುರವಾಗುತ್ತಿತ್ತು. ಅಲ್ಲೇ ಆಕೆಯನ್ನು ಕಂಡದ್ದು ಡೋನ್ಯಾ ಇವೆಲಿಸೆ. ಹೋಟೆಲುಗಳ ಉಡುಗೊರೆ ಅಂಗಡಿಗಳಿಗೆ ಸಾಮಾನು ಒದಗಿಸುವ ಹೆಂಗಸು ಆಕೆ, ಎಲ್ಲರ ಬಾಯಲ್ಲೂ ‘ಡೋನ್ಯಾ’, ಅಂದರೆ ಅಮ್ಮಾವ್ರು. ಕಾರಿನಿಂದ ಇಳಿದು, ಮುಂಗೈಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಮೂಸಿದಳು.

*

“ನಿನ್ನ ಕೈಲಿ ಏನೋ ಇದೆ ನನ್ನ ರಾಣಿ,” ಎಂದಳಂತೆ ಡೋನ್ಯಾ ಇವೆಲಿಸೆ. “ಆದ್ರೆ ಈಗಿನ ಗಿರಾಕಿಗಳು ಚೀಟಿ ಓದ್ತಾರೆ. ಆ ಔಷಧಿ ಹೆಸರು ಕಂಡ್ರೆ ಡಬ್ಬಿ ಕೆಳಗಿಡ್ತಾರೆ. ಅದನ್ನ ಬಿಟ್ಬಿಡು. ಬದ್ಲಿಗೆ ತಾಜಾ ಚಿನೋಲಾ ಹಣ್ಣಿನ ತಿರುಳು ಹಾಕು. ಬಣ್ಣಾನೂ ಬಂತು, ಘಮಾನೂ ಬಂತು.”

“ಹಣ್ಣು ಹಾಕಿ ಔಷಧಿ ಬಿಟ್ರೆ ಹುಳಿಯುತ್ತೆ ಡೋನ್ಯಾ.”

“ಹುಳಿಯೋಷ್ಟರಲ್ಲಿ ಖಾಲಿಯಾಗಿರುತ್ತೆ. ಹೋಟೆಲಲ್ಲಿ ಯಾವುದೂ ಉಳಿಯಲ್ಲ.”

“ಉಳಿದ್ರೆ?”

“ಉಳಿದ್ರೆ ನಾನಿದ್ದೀನಲ್ಲ!”

ಈ ಮಾತುಕತೆಯನ್ನು ಒದಿಲಿಯಾ ಹೇಳುವುದು ಎರಡು ದನಿಗಳಲ್ಲಿ. ಡೋನ್ಯಾಳದ್ದು ಮೆದು, ತನ್ನದು ಒರಟು.

ಒಪ್ಪಿದ್ದು ಆಸೆಬುರುಕತನಕ್ಕಲ್ಲ ಎಂದು ರೊಸ್ಮೆನ್ ಅಡ್ಡ ಬಾಯಿ ಹಾಕುತ್ತಾಳೆ. ಆ ಹೊತ್ತಿಗೆ ಲುಕ್ನೆರನಿಗೆ ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷಗಳಾಗಿದ್ದವು. ಪಾದಗಳಲ್ಲಿ ಜೀವವೇ ಇರಲಿಲ್ಲ. ಬೂಟಿನೊಳಗೆ ಮೊಳೆ ಸೇರಿದ್ದರೂ ಸಂಜೆ ಕಾಲ್ಚೀಲ ಕೆಂಪಾಗಿದ್ದು ನೋಡಿದ ಮೇಲೇ ತಿಳಿಯುತ್ತಿತ್ತು. ಹೋಟೆಲಿನವರು ತಿಂಗಳು ತಿಂಗಳು ಡಬ್ಬಿ ತೆಗೆದುಕೊಂಡರೆ ಆತ ಗದ್ದೆಗಿಳಿಯುವುದು ತಪ್ಪುತ್ತದೆ, ಮನೆಯಲ್ಲೇ ಕೂತು ಸಕ್ಕರೆ ಜರಡಿ ಹಿಡಿಯಬಹುದು: ಇದು ಹೆಂಡತಿಯ ಲೆಕ್ಕಾಚಾರ. “ಈ ಸುಗ್ಗಿಗೆ ನೀನು ಕತ್ತಿ ಮುಟ್ಬೇಡ,” ಎಂದು ಆಕೆ ಹೇಳಿದ ದಿನ ಲುಕ್ನೆರ್ ಕತ್ತಿಯನ್ನು ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ತೊಲೆಯ ಮೇಲಿಟ್ಟ.

ಕಂದು ಸೀಸೆ ಮುಟ್ಟದೆ, ಚಿನೋಲಾ ತಿರುಳು ಬೆರೆಸಿ ಮಾಡಿದ ಡಬ್ಬಿಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಹೋದವು. ಬಿಸಿಲಿನ ಬಣ್ಣ, ನಡುನಡುವೆ ಕಪ್ಪು ಬೀಜದ ಚುಕ್ಕಿ. ಅಷ್ಟು ಚೆಂದದ್ದನ್ನು ತಾನು ಎಂದೂ ಮಾಡಿರಲಿಲ್ಲ ಎನ್ನುತ್ತಾಳೆ ಒದಿಲಿಯಾ. ಛಾವಣಿಯ ಮೇಲೂ ಇಟ್ಟು ನೋಡಿದಳು. ಕುಸಿಯಲಿಲ್ಲ, ಎಣ್ಣೆ ಬಿಡಲಿಲ್ಲ. ಒಂದು ಮಧ್ಯಾಹ್ನದ ಬಿಸಿಲಿಗೆ ಅಷ್ಟು ಮಾತ್ರ ಗೊತ್ತಾಗುತ್ತದೆ.

ಪೆಟ್ಟಿಗೆಗಳು ತಿರುಗಿ ಬಂದದ್ದು ಈಸ್ಟರ್ ಹಬ್ಬದ ಗಿರಾಕಿಗಳೆಲ್ಲ ಹೊರಟುಹೋದ ಮೇಲೆ. ತಂದವನು ಡೋನ್ಯಾಳ ಡ್ರೈವರು. ಬಾಗಿಲಲ್ಲಿ ಇಳಿಸಿ, ಮುಖ ನೋಡದೆ ಹೇಳಿದ: “ಇನ್ಮೇಲೆ ಫೋನ್ ಮಾಡ್ಬೇಡ ಅಂದಿದ್ದಾರೆ ಅಕ್ಕ.”

ಕೆಲವು ಡಬ್ಬಿಗಳು ಒಡೆದ ಹಾಲಿನ ಹಾಗೆ ನೀರು ಬಿಟ್ಟಿದ್ದವು. ಕೆಲವುಗಳ ಮೇಲೆ ಬೂದು ತುಪ್ಪಳ. ಅವನ್ನೆಲ್ಲ ಆಕೆ ಹಿತ್ತಿಲಲ್ಲಿ ಗುಂಡಿ ತೋಡಿ ಹೂತಳು. ಉಳಿದವು ನೋಡಲು ಚೆನ್ನಾಗಿಯೇ ಇದ್ದವು. ವಾಸನೆ ತುಸು ಹುಳಿ, ಅಷ್ಟೇ. ಎಣ್ಣೆ ಹಾಕಿದ್ದು, ಸಕ್ಕರೆ ಹಾಕಿದ್ದು, ಬೆಳಗಿನ ಜಾವ ಎದ್ದು ಕಡೆದದ್ದು. ಎಸೆಯಲು ಕೈ ಬರಲಿಲ್ಲ. ಮಾರುವ ಹಾಗಿಲ್ಲ, ಮನೆಗೆ ಆದೀತು ಎಂದು ಮಂಚದ ಕೆಳಗೆ ತಳ್ಳಿದಳು.

ಲುಕ್ನೆರ್ ತೊಲೆಯ ಮೇಲಿನ ಕತ್ತಿ ಇಳಿಸಿದ.

*

ಆಮೇಲಿನದನ್ನು ಆಕೆ ಹೇಳುವಾಗ ಕೈಗಳು ಸುಮ್ಮನಿರುವುದಿಲ್ಲ. ಮೇಜು ಒರೆಸುತ್ತವೆ, ಒರೆಸಿದ್ದನ್ನೇ ಒರೆಸುತ್ತವೆ.

ಪ್ರತಿ ಸಂಜೆ ಗಂಡ ಗದ್ದೆಯಿಂದ ಬಂದು ಕುರ್ಚಿಯಲ್ಲಿ ಕೂತರೆ, ಆಕೆ ಬೆಚ್ಚಗಿನ ನೀರಿನ ಟಬ್ಬು ಇಟ್ಟು, ಕೆಳಗೆ ಕೂತು, ಮಂಚದಡಿಯಿಂದ ಡಬ್ಬಿ ಎಳೆದು ಅವನ ಪಾದ ಉಜ್ಜುತ್ತಿದ್ದಳು. ಮೊದಲು ಬಲಗಾಲು, ಆಮೇಲೆ ಎಡಗಾಲು. ಎಡ ಹಿಮ್ಮಡಿಯಲ್ಲಿ ಬಿರುಕಿತ್ತು. ಬಿರುಕು ಮೆತ್ತಗಾಗಲಿ ಎಂದು ಅಲ್ಲೇ ಇನ್ನಷ್ಟು ಉಜ್ಜಿದಳು.

“ಇವನಿಗೆ ಏನೂ ತಿಳೀತಿರ್ಲಿಲ್ಲ. ಆದ್ರೂ ಕಣ್ಮುಚ್ಕೊಂಡು ನಗ್ತಿದ್ದ. ‘ಒದಿ, ಹೋಟೆಲ್ ಗಿರಾಕಿ ಆಗ್ಬಿಟ್ಟೆ ನಾನು, ಹೋಗೋವಾಗ ಟಿಪ್ಸ್ ಕೊಡ್ತೀನಿ’ ಅಂತಿದ್ದ. ರೊಸ್ಮೆನ್ ಬಂದು, ‘ನನ್ ಗಂಡ ಸತ್ತು ಬದುಕ್ಕೊಂಡ, ಇಲ್ದಿದ್ರೆ ನಂಗೂ ಇದೇ ಚಾಕರಿ’ ಅಂತ ಅಣಕಿಸೋಳು. ನಾನು ನಗ್ತಾನೇ ಉಜ್ಜಿದೀನಿ. ಹರಳು ಒಳಗೆ ಕೊಯ್ತಿತ್ತೋ ಏನೋ. ಇವನಿಗೆ ಉರಿ ಆಗಿದ್ರೆ ಅಯ್ಯೋ ಅಂದಿರೋನು. ಉರೀನೇ ಗೊತ್ತಾಗ್ದೋನು ಏನಂತಾನೆ?”

ಮೊದಲು ವಾಸನೆ ಬಂತು. ಹಿತ್ತಿಲ ಗುಂಡಿಯದ್ದೇ ಇರಬೇಕು ಎಂದು ಆಕೆ ಇನ್ನಷ್ಟು ಮಣ್ಣು ಎಳೆದಳು. ಆಮೇಲೆ ಹಿಮ್ಮಡಿಯ ಸುತ್ತ ಚರ್ಮ ಊದಿ ಬಣ್ಣ ತಿರುಗಿತು. ಆಸ್ಪತ್ರೆಗೆ ಹೋಗೋಣವೆಂದರೆ ಲುಕ್ನೆರ್ ಒಪ್ಪಲಿಲ್ಲ. ಆಸ್ಪತ್ರೆಯ ಗೇಟಿನ ಬಳಿ ಲಾರಿ ನಿಂತಿರುತ್ತದೆ, ಕಾಗದ ಇಲ್ಲದವರನ್ನು ಹತ್ತಿಸಿಕೊಂಡು ಗಡಿಯಾಚೆ ಬಿಟ್ಟು ಬರುತ್ತಾರೆ ಎಂಬ ಸುದ್ದಿ ಕೇರಿಯಲ್ಲೆಲ್ಲ ಹರಿದಾಡುತ್ತಿತ್ತು. “ಕಾಲು ಹೋದ್ರೆ ಇಲ್ಲೇ ಕೂತಿರ್ತೀನಿ. ಲಾರಿ ಹತ್ತಿಸಿದ್ರೆ ನಿನ್ನ ಎಲ್ಲಿಂದ ನೋಡ್ಲಿ?” ಎಂದ. ಜ್ವರ ಏರಿ ಮಾತು ತೊದಲತೊಡಗಿದ ಬೆಳಿಗ್ಗೆ ಆಕೆ ಅವನ ಮಾತು ಕೇಳುವುದನ್ನು ಬಿಟ್ಟಳು. ಬಾಡಿಗೆ ಬೈಕಿನಲ್ಲಿ ಮುಂದೆ ಓಡಿಸುವವನು, ನಡುವೆ ಲುಕ್ನೆರ್, ಹಿಂದೆ ಅವನನ್ನು ಹೊದಿಕೆಯ ಬಟ್ಟೆಯಿಂದ ತನ್ನ ಎದೆಗೆ ಕಟ್ಟಿಕೊಂಡ ಒದಿಲಿಯಾ. ಗೇಟಿನಲ್ಲಿ ಆ ದಿನ ಲಾರಿಯೇ ಇರಲಿಲ್ಲ.

ಕಾಲು ತೆಗೆದ ಮೇಲೆ ಡಾಕ್ಟರು ಆಸ್ಪತ್ರೆಯ ಪಡಸಾಲೆಯಲ್ಲಿ ಸಿಕ್ಕರು. ಎಳೆ ವಯಸ್ಸಿನವರು, ನಿದ್ದೆಯಿಲ್ಲದ ಕಣ್ಣು.

“ಸಕ್ಕರೆಯಿಂದ ಆಗಿದ್ದಮ್ಮ ಇದು,” ಎಂದರು.

“ಯಾವ ಸಕ್ಕರೆ ಡಾಕ್ಟ್ರೇ?”

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಆಕೆ ಎಲ್ಲವನ್ನೂ ಹೇಳಿದಳು: ಹಣ್ಣಿನ ತಿರುಳು, ಹಾಕದೆ ಬಿಟ್ಟ ಔಷಧಿ, ಮಂಚದಡಿಯ ಡಬ್ಬಿ, ಬಿರುಕಿನ ಮೇಲೆ ಉಜ್ಜಿದ್ದು. ಡಾಕ್ಟರು ಗೋಡೆಗೆ ಒರಗಿ ಪೂರ್ತಿ ಕೇಳಿಸಿಕೊಂಡರು. “ಅದ್ರಿಂದಾನೂ ಆಗಿರ್ಬಹುದು. ಬೂಟಿನಿಂದಾನೂ ಆಗಿರ್ಬಹುದು, ಗದ್ದೆ ಮಣ್ಣಿಂದಾನೂ ಆಗಿರ್ಬಹುದು. ಈ ಕಾಯಿಲೆ ಇರೋ ಕಾಲು ಇವತ್ತಲ್ಲ ನಾಳೆ ಹೀಗೇ ಆಗೋದು. ಅದನ್ನ ತಲೆಗೆ ಹಚ್ಕೋಬೇಡಿ,” ಎಂದು ಹೆಗಲು ಮುಟ್ಟಿ ಮುಂದಿನ ಹಾಸಿಗೆಗೆ ಹೋದರು.

“ಒಳ್ಳೇ ಹುಡುಗ,” ಎನ್ನುತ್ತಾಳೆ ಒದಿಲಿಯಾ. “ನಿನ್ನಿಂದಲೇ ಅಂದಿದ್ರೆ ತಲೆ ಚಚ್ಕೊಂಡು ಅತ್ಬಿಡ್ತಿದ್ದೆ. ನಿನ್ನಿಂದಲ್ಲ ಅಂದಿದ್ರೆ ಕಾಲು ಹಿಡ್ಕೋತಿದ್ದೆ. ಎರಡೂ ಅನ್ನಲಿಲ್ಲ.”

ಮಂಚದಡಿ ಇನ್ನೂ ಒಂದು ಡಬ್ಬಿ ಉಳಿದಿತ್ತು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪೇಟೆಯ ಲ್ಯಾಬುಗಳ ಬಾಗಿಲಿಗೆಲ್ಲ ಹೋದಳು. ಇದರಲ್ಲಿ ಏನಿದೆ ನೋಡಿ ಹೇಳಿ ಎಂದಳು. ಒಂದು ಕಡೆ ನಕ್ಕರು. ಇನ್ನೊಂದು ಕಡೆ, ನಾವು ರಕ್ತ ಮೂತ್ರ ನೋಡುವವರು, ಸೋಪು ನೋಡುವವರಲ್ಲ ಎಂದರು. ಕೊನೆಗೊಬ್ಬ ಹುಡುಗಿ ಮುಚ್ಚಳ ತೆಗೆದು ನೋಡಿ ಮೆಲ್ಲಗೆ ಹೇಳಿದಳು: “ಅಮ್ಮ, ಈಗ ಇದ್ರಲ್ಲಿ ಎಲ್ಲ ಬೆಳ್ಕೊಂಡಿದೆ. ಆ ದಿನ ಏನಿತ್ತು ಅಂತ ಈಗ ಯಾರೂ ಹೇಳೋಕಾಗಲ್ಲ.”

ಆದರೂ ಡಬ್ಬಿಯನ್ನು ಮನೆಗೇ ತಂದಳು. ದಿನವೂ ಮುಚ್ಚಳ ತೆಗೆದು ನೋಡುವಳು, ಮುಚ್ಚುವಳು. ಒಂದು ಮಧ್ಯಾಹ್ನ ಆಕೆ ಬಾವಿಗೆ ಹೋಗಿದ್ದಾಗ ಲುಕ್ನೆರ್ ಮಂಚದಿಂದ ಇಳಿದು, ಕುಂಡೆಯ ಮೇಲೆ ತೆವಳಿಕೊಂಡು ಹಿತ್ತಿಲ ಪಾಯಿಖಾನೆಯವರೆಗೆ ಹೋಗಿ ಅದನ್ನು ಗುಂಡಿಗೆ ಎಸೆದುಬಂದ. ಬಂದು ಹೊಸ್ತಿಲಲ್ಲಿ ಏದುಸಿರು ಬಿಡುತ್ತ ಕೂತವನನ್ನು ಕಂಡು ಆಕೆ ಕೊಡ ಕೆಳಗಿಟ್ಟು ಕೂಗಾಡಿದಳಂತೆ. ಅವನು ಒಂದೇ ಮಾತು ಕೇಳಿದ: “ಗೊತ್ತಾದ್ರೆ ಕಾಲು ಬೆಳೆಯುತ್ತೇನೇ?”

*

ಈಗ ಮತ್ತೆ ಕಂದು ಸೀಸೆ ಹೊರಗೆ ಬಂದಿದೆ, ಕೊಳ್ಳುವವರು ಮಾತ್ರ ತಿರುಗಿ ಬಂದಿಲ್ಲ. ಕೇರಿಯಲ್ಲಿ ಯಾರೂ ಎದುರಿಗೆ ಏನೂ ಅನ್ನುವುದಿಲ್ಲ. ಸುಮ್ಮನೆ ಪೇಟೆಯ ಸೋಪು ಕೊಳ್ಳುತ್ತಾರೆ. ಹುಡುಗಿಯ ಹದಿನೈದರ ಹಬ್ಬಕ್ಕೆ ಕರೆ ಬರುತ್ತದೆ, ಡಬ್ಬಿ ತಾ ಎಂಬ ಮಾತು ಬರುವುದಿಲ್ಲ. ರೊಸ್ಮೆನ್ ಒಬ್ಬಳೇ ಈಗಲೂ ಒಯ್ಯುತ್ತಾಳೆ. “ನನ್ ಚರ್ಮ ಹಂದೀದು, ಅದಕ್ಕೇನೂ ಆಗಲ್ಲ,” ಎಂದು ನಗಿಸಲು ನೋಡುತ್ತಾಳೆ.

ಕಡಲ ದಂಡೆಯಲ್ಲೂ ಅಷ್ಟೆ. ಕಳೆದ ಶನಿವಾರ ಜಡೆ ಹೆಣೆಯುವವರ ಪಕ್ಕ ಕೊಡೆಯ ನೆರಳಲ್ಲಿ ಕೂತಿದ್ದಾಗ ರಾಜಧಾನಿಯಿಂದ ಬಂದ ಹೆಂಗಸೊಬ್ಬಳು ಡಬ್ಬಿ ಕೈಗೆತ್ತಿಕೊಂಡಳು. ಜೊತೆಗೊಬ್ಬಳು ಹದಿಹರೆಯದ ಮಗಳು.

“ಎಲ್ಲ ನೈಸರ್ಗಿಕ ತಾನೇ? ಕೆಮಿಕಲ್ ಏನೂ ಹಾಕಿಲ್ಲ ಅಲ್ವಾ?”

ಪಕ್ಕದವರು ಇಂಥ ಪ್ರಶ್ನೆಗೆ ಹೂಂ ಎಂದುಬಿಡುತ್ತಾರೆ. ಒದಿಲಿಯಾ ಅನ್ನಲಿಲ್ಲ. “ಕೆಡದೇ ಇರೋಕೆ ಔಷಧಿ ಹಾಕಿದೀನಿ ಮೇಡಂ. ಹಾಕದೆ ಮಾಡಲ್ಲ. ಗಾಯ ಇದ್ರೆ, ಮನೇಲಿ ಸಕ್ಕರೆ ಕಾಯಿಲೆಯೋರು ಇದ್ರೆ ಸಕ್ಕರೆ ಹಾಕಿದ್ದು ತಗೋಬೇಡಿ. ಬರೀ ನೊರೆಸೋಪು ತಗೊಳ್ಳಿ.”

ಹೆಂಗಸು ಡಬ್ಬಿಯನ್ನು ಇದ್ದ ಕಡೆಯೇ ಇಟ್ಟಳು. ಮಗಳ ಕೈ ಹಿಡಿದು ನಾಲ್ಕು ಹೆಜ್ಜೆ ಹೋಗಿ, ಅಲ್ಲಿ ಇನ್ನೊಬ್ಬಳ ಬುಟ್ಟಿಯಿಂದ ಹಳದಿ ಬಣ್ಣದ್ದೊಂದನ್ನು ಕೊಂಡಳು.

“ನಿಂಗೆ ವ್ಯಾಪಾರ ಮಾಡೋ ಮನಸಿಲ್ಲ, ಮನೇಲೇ ಮಲ್ಕೋ,” ಎಂದು ಜಡೆ ಹೆಣೆಯುವವಳೊಬ್ಬಳು ರೇಗಿದಳು. ಒದಿಲಿಯಾ ಎದ್ದು ಆ ತಾಯಿ ಮಗಳ ಹಿಂದೆ ಓಡಿ, ಆ ಹಳದಿಯದನ್ನು ಬಚ್ಚಲಲ್ಲಿ ಇಡಬೇಡಿ, ಬೇಗ ಮುಗಿಸಿ, ಕಾಲು ಬೋಳಿಸಿಕೊಂಡ ದಿನ ಹಚ್ಚಬೇಡಿ ಎಂದು ಹೇಳಿದಳು. ಅವರು ಹೆದರಿ ಬೇಗ ಬೇಗ ನಡೆದರು. ಆ ದಿನ ಬುಟ್ಟಿ ಹೋದ ಹಾಗೇ ಮನೆಗೆ ಬಂತು.

ಇಷ್ಟಾದರೂ ದಿನಾ ಬೆಳಗಾಗೆದ್ದು ಕಡೆಯುವುದೇಕೆ ಎಂದು ಕೇಳಿದರೆ ಒದಿಲಿಯಾ ಉತ್ತರ ಹುಡುಕುವುದಿಲ್ಲ. “ಬೇರೆ ಏನ್ ಬರುತ್ತೆ ನಂಗೆ? ಕಬ್ಬು ಕಡಿಯೋಕೆ ಈಗ ಮಷಿನ್ನು ಬಂದಿದೆ. ಯಾನೀರಿಸ್ ಕೊಡೋದು ಇವನ ಸೂಜಿಮದ್ದಿಗೆ ಸಾಲಲ್ಲ. ಕೈ ಸುಮ್ನಿದ್ರೆ ತಲೆ ಓಡುತ್ತೆ. ತಲೆ ಓಡಿದ್ರೆ ಅದೇ ಕುರ್ಚಿ, ಅದೇ ಟಬ್ಬು.”

ಉಳಿದ ಒಂದು ಕಾಲನ್ನು ಜೋಪಾನ ಮಾಡಬೇಕೆಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದಾರೆ. ದಿನವೂ ಮಧ್ಯಾಹ್ನ ಆಕೆ ಗಂಡನ ಬಲ ಪಾದದ ಕೆಳಗೆ ಕನ್ನಡಿ ಹಿಡಿದು, ಬೆರಳ ಸಂದಿ ಸಂದಿಯನ್ನೂ ಬಿಡಿಸಿ ನೋಡುತ್ತಾಳೆ. ಬರೀ ನೀರಲ್ಲಿ ತೊಳೆಯುತ್ತಾಳೆ. ಮೆತ್ತನೆ ಬಟ್ಟೆಯನ್ನು ಒತ್ತಿ ಒತ್ತಿ ಒರೆಸುತ್ತಾಳೆ, ಉಜ್ಜುವುದಿಲ್ಲ. ಅಂಗೈಯನ್ನು ನೇರವಾಗಿ ಆ ಪಾದಕ್ಕೆ ಇಡಲು ಆಕೆಗೆ ಈಗ ಆಗುವುದಿಲ್ಲ. ನಡುವೆ ಬಟ್ಟೆ ಬೇಕು.

ಈ ವಾರ ಕಿರುಬೆರಳ ಪಕ್ಕದಲ್ಲಿ ಒಂದು ಕಪ್ಪು ಚುಕ್ಕೆ ಕಂಡಿದೆ.